ಹಾಡೋ, ಬಣ್ಣವೋ, ಸೂಜಿದಾರವೋ: ಆಸ್ಪತ್ರೆಯಲ್ಲಿ ಮಲಗಿದವರಿಗೆ ಯಾವುದು ಆಗಿಬರುತ್ತದೆ?

ಕಲಬುರಗಿಯ ಯಾವುದೇ ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗಿನ ಹೊತ್ತು ಕಳೆಯುವುದು ಬಹಳ ಕಷ್ಟ. ಡಾಕ್ಟರ ರೌಂಡ್ಸ್ ಮುಗಿದಿರುತ್ತದೆ. ಊಟ ಆಗಿರುತ್ತದೆ. ಸಂಜೆಯ ಇಂಜೆಕ್ಷನ್‌ಗೆ ಇನ್ನೂ ಟೈಮ್ ಇರುತ್ತದೆ. ಮಲಗಿದವರು ತಿರುಗುವ ಫ್ಯಾನನ್ನೇ ನೋಡುತ್ತಿರುತ್ತಾರೆ. ನೋವು ಜಾಸ್ತಿ ಅನ್ನಿಸುವುದು, "ನಾ ಮನಿಗಿ ಹೋಗ್ತೀನೋ ಇಲ್ಲೋ" ಅನ್ನುವ ಯೋಚನೆ ಹತ್ತುವುದು ಆ ಹೊತ್ತಿನಲ್ಲೇ.

ಆ ಹೊತ್ತಿನಲ್ಲಿ ಅವರಿಗಾಗಿ ಏನಾದರೂ ಮಾಡಬಹುದಾ ಅಂತ ಕೇಳುವವರಿದ್ದಾರೆ. ರೋಗಿಯ ಮಕ್ಕಳು, ನರ್ಸಿಂಗ್ ಓದುವವರು, ಚಿತ್ರಕಲೆ ಕಲಿಯುವ ಹುಡುಗರು, ಭಜನಾ ಮಂಡಳಿಯವರು. ಕಲೆಯಿಂದ ಉಪಯೋಗ ಇದೆ ಅನ್ನುವುದಕ್ಕೆ ಈಗ ಆಧಾರ ಸಾಕಷ್ಟಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ ವರದಿಯಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಲಾಗಿತ್ತು. ಆದರೆ ಆ ವರದಿ ಓದಿದ ಮೇಲೂ ನಮ್ಮ ಪ್ರಶ್ನೆ ಉಳಿಯುತ್ತದೆ. ಈ ಮಂಚದ ಮೇಲಿರುವ ಈ ಮನುಷ್ಯನಿಗೆ ಇವತ್ತು ಯಾವುದು?

ನಾನು ಚಿತ್ರಕಲೆ ಶಿಕ್ಷಕಿ. ಬಿಡುವಿದ್ದಾಗ ವಾರ್ಡುಗಳಿಗೆ ಹೋಗುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮಗೆ ಬರುವ ಕಲೆಯನ್ನು ಹಿಡಿದುಕೊಂಡು ರೋಗಿಯನ್ನು ಹುಡುಕಬಾರದು. ಮೊದಲು ರೋಗಿಯನ್ನು ನೋಡಬೇಕು. ಯಾವ ಕೈ ಬಿಡುವಾಗಿದೆ? ಉಸಿರು ಎಷ್ಟಿದೆ? ಊರಲ್ಲಿ ಇವರು ಏನು ಹಾಡುತ್ತಿದ್ದರು, ಏನು ಹೊಲಿಯುತ್ತಿದ್ದರು? ಇದಕ್ಕೆ ಉತ್ತರ ಸಿಕ್ಕರೆ ಕಲೆ ತಾನಾಗಿಯೇ ಸಿಗುತ್ತದೆ.

ಮೊದಲು ಕೇಳಬೇಕಾದ ಮಾತು

ಕೈಯಿಂದಲೇ ಶುರು ಮಾಡಿ. ಸಲೈನ್ ಹಾಕಿರುವುದು ಬಲಗೈಗಾ, ಎಡಗೈಗಾ? ಇಷ್ಟು ಸಣ್ಣ ವಿಷಯ ನೋಡದೆ ಬಣ್ಣದ ಡಬ್ಬಿ ಕೊಟ್ಟು ಹೋಗುವವರೇ ಜಾಸ್ತಿ. ಬರೆಯುವ ಕೈಗೆ ಸೂಜಿ ಇದ್ದರೆ ಚಿತ್ರ, ಹೊಲಿಗೆ ಎರಡೂ ಆವತ್ತಿಗೆ ಬೇಡ.

ಆಮೇಲೆ ಭಾಷೆ. ನಮ್ಮ ಕಡೆಯ ವಾರ್ಡಿನಲ್ಲಿ ಒಂದೇ ಸಾಲಿನಲ್ಲಿ ನಾಲ್ಕೈದು ಭಾಷೆ ಇರುತ್ತವೆ. ಔರಾದ್, ಭಾಲ್ಕಿ ಕಡೆಯವರಿಗೆ ಮರಾಠಿ. ಗುರುಮಠಕಲ್, ಸೇಡಂ ಕಡೆಯವರಿಗೆ ತೆಲುಗು. ತಾಂಡಾದಿಂದ ಬಂದವರಿಗೆ ಲಂಬಾಣಿ. ಶಹರದವರಲ್ಲಿ ಎಷ್ಟೋ ಜನರಿಗೆ ದಖನಿ ಉರ್ದು. ಕನ್ನಡ ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ. ಆದರೆ ನೋವಿನಲ್ಲಿ ಮನುಷ್ಯನಿಗೆ ಬೇಕಾಗುವುದು ಅವ್ವನ ಭಾಷೆ. ಮಾತು ಮುಖ್ಯವಾದ ಕಲೆಗೆ, ಅಂದರೆ ಕಥೆ, ನಾಟಕ, ಬರವಣಿಗೆಗೆ, ಇಲ್ಲಿ ತೊಡಕು ಜಾಸ್ತಿ. ರಾಗಕ್ಕೆ ಕಡಿಮೆ. ಗೆರೆಗೆ, ಬಟ್ಟೆಗೆ ತೊಡಕೇ ಇಲ್ಲ.

ಅಕ್ಷರದ ವಿಷಯವೂ ಇದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ಇಡೀ ರಾಜ್ಯದಲ್ಲೇ ಕಡಿಮೆ. ಕಲಬುರಗಿಯದ್ದು ಸುಮಾರು ಶೇ 65, ಬೀದರದ್ದು ಸುಮಾರು ಶೇ 70. ಆಮೇಲೆ ಸುಧಾರಿಸಿದ್ದರೂ, ಆಸ್ಪತ್ರೆಯಲ್ಲಿ ಮಲಗಿರುವ ಅರವತ್ತು ದಾಟಿದವರು ಹಳೆಯ ಲೆಕ್ಕದವರೇ. ಅವರ ಕೈಗೆ ಪುಸ್ತಕ, ಪೆನ್ನು ಕೊಟ್ಟರೆ ಸಂಕೋಚಪಟ್ಟು ದಿಂಬಿನ ಕೆಳಗೆ ಇಟ್ಟುಬಿಡುತ್ತಾರೆ.

ಎಷ್ಟು ದಿನ ಇರುತ್ತಾರೆ ಅನ್ನುವುದೂ ಮುಖ್ಯ. ಎರಡು ದಿನದ ರೋಗಿಗೆ ಹಾಡು ಸಾಕು. ಎರಡು ತಿಂಗಳು ಕಾಲು ಕಟ್ಟಿಸಿಕೊಂಡು ಮಲಗುವವರಿಗೆ ಕೈಕೆಲಸ ಬೇಕು. ದಿನಾ ಸ್ವಲ್ಪ ಸ್ವಲ್ಪ ಮುಂದೆ ಹೋಗುವಂಥದ್ದು, ನಾಳೆಗೆ ಬಾಕಿ ಉಳಿಯುವಂಥದ್ದು ಏನಾದರೂ ಇರಬೇಕು.

ಹಾಡು: ನನ್ನ ಮೊದಲ ಆಯ್ಕೆ

ಬಣ್ಣ ನನ್ನ ವೃತ್ತಿ. ಆದರೂ ಒಂದನ್ನೇ ಆರಿಸಿ ಅಂದರೆ ನಾನು ಹಾಡನ್ನೇ ಹೇಳುತ್ತೇನೆ. ಎರಡೂ ಕೈ ಕಟ್ಟಿದ್ದರೂ ಕೇಳಬಹುದು. ಕಣ್ಣಿಗೆ ಆಪರೇಶನ್ ಆಗಿದ್ದರೂ ಕೇಳಬಹುದು. ಅಕ್ಷರ ಬೇಕಿಲ್ಲ, ಖರ್ಚಿಲ್ಲ.

ಆಧಾರವೂ ಹಾಡಿನ ಕಡೆಗೇ ಗಟ್ಟಿಯಾಗಿದೆ. 2015ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು ಕೂಡಿಸಿ ನೋಡಿದ ಲೇಖನ ಬಂತು. ಆಪರೇಶನ್ ಆದವರಿಗೆ ಸಂಗೀತ ಕೇಳಿಸಿದಾಗ ನೋವು, ಆತಂಕ ಕಡಿಮೆ ಆಗಿತ್ತು. ನೋವಿನ ಔಷಧವೂ ಕಡಿಮೆ ಬೇಕಾಗಿತ್ತು. ಆದರೆ ಆಸ್ಪತ್ರೆಯಲ್ಲಿ ಇರುವ ದಿನಗಳು ಕಡಿಮೆ ಆಗಲಿಲ್ಲ ಅಂತಲೂ ಅದರಲ್ಲೇ ಇದೆ. ಇದನ್ನು ನೆನಪಿಡಿ. "ಹಾಡು ಕೇಳಿದರೆ ಬೇಗ ಡಿಸ್ಚಾರ್ಜ್ ಆಗುತ್ತೆ" ಅಂತ ಯಾರಿಗೂ ಹೇಳಬೇಡಿ. ಕಷ್ಟ ಸ್ವಲ್ಪ ಹಗುರಾಗುತ್ತದೆ, ಅಷ್ಟೇ ಹೇಳಿ. ಮಲಗಿದವರಿಗೆ ಅದೇ ದೊಡ್ಡದು.

ಯಾವ ಹಾಡು? ಇಲ್ಲಿ ನಮ್ಮ ನೆಲದ ಪುಣ್ಯ ದೊಡ್ಡದು. ಜೇವರ್ಗಿ ಕಡೆಯ ಕಡಕೋಳದ ಮಡಿವಾಳಪ್ಪನವರು ಹಾಡಿದ ತತ್ವಪದಗಳು ಇವತ್ತಿಗೂ ಈ ಮೂರೂ ಜಿಲ್ಲೆಯ ಬಾಯಲ್ಲಿವೆ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು. ಹಾಗಾಗಿ ತತ್ವಪದ ಹಚ್ಚಿದರೆ ಪಕ್ಕದ ಮಂಚದವರು "ಇದು ಅವರದು, ಇದು ನಮ್ಮದು" ಅಂತ ಮುಖ ತಿರುಗಿಸುವುದು ಕಡಿಮೆ. ಬಸವಕಲ್ಯಾಣ ಕಡೆಯವರಿಗೆ ವಚನ. ಮೊಹರಂ ಹಾಡು ಕಲಿತ ಮುತ್ಯಾಗಳಿಗೆ ರಿವಾಯತ್ ಪದ. ಹೆಣ್ಣುಮಕ್ಕಳಿಗೆ ಬೀಸುವ ಪದ, ಸೋಬಾನ. ಆಕಾಶವಾಣಿ ಕಲಬುರಗಿ ಕೇಳುತ್ತಾ ಬೆಳೆದವರಿಗೆ ಸುಮ್ನೆ ರೇಡಿಯೋ ಹಚ್ಚಿಕೊಟ್ಟರೂ ಸಾಕು, ಮನೆಯ ಅಂಗಳದಲ್ಲಿ ಕೂತ ಹಾಗೆ ಅನ್ನಿಸುತ್ತದೆ. ನೀವೇ ಒಂದು ಪಟ್ಟಿ ಮಾಡಿಕೊಂಡು ಹೋಗಬೇಡಿ. "ಯಾವ ಹಾಡು ಹಚ್ಲಿ ಆಯಿ?" ಅಂತ ಕೇಳಿ. ಕೇಳಿದಾಗಲೇ ಅರ್ಧ ಕೆಲಸ ಆಗಿರುತ್ತದೆ. ಆಸ್ಪತ್ರೆಯಲ್ಲಿ ಅವರಿಗೆ ಏನು ಬೇಕು ಅಂತ ಬೇರೆ ಯಾರೂ ಕೇಳಿರುವುದಿಲ್ಲ.

ಹಾಡು ಕೇಳುವುದು ಬೇರೆ, ಹಾಡುವುದು ಬೇರೆ. ಹಾಡುವುದರಲ್ಲಿ ಲಾಭ ಇನ್ನೂ ಜಾಸ್ತಿ, ಎಚ್ಚರವೂ ಜಾಸ್ತಿ. ಲಕ್ವಾ ಹೊಡೆದು ಮಾತು ನಿಂತವರನ್ನು ತೆಗೆದುಕೊಳ್ಳಿ. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ಮಾತು ಹೋದರೂ ಕೆಲವರಿಗೆ ಹಾಡಿನ ಸಾಲು ಬರುತ್ತದೆ. ಇದನ್ನೇ ಹಿಡಿದು 1973ರಲ್ಲಿ ಅಮೆರಿಕದ ತಜ್ಞರು ರಾಗದ ಮೂಲಕ ಮಾತು ಕಲಿಸುವ ಒಂದು ಪದ್ಧತಿ ಕಟ್ಟಿದರು. ನಾನು ನೋಡಿದ ಒಬ್ಬ ಮುತ್ಯಾಗೆ ನೀರು ಅನ್ನಲು ಬರುತ್ತಿರಲಿಲ್ಲ. ಕೈ ತೋರಿಸಿ, ತೋರಿಸಿ, ಸಿಟ್ಟು ಬಂದು ಗೋಡೆ ಕಡೆ ತಿರುಗುತ್ತಿದ್ದರು. ಮಗಳು ಒಂದು ದಿನ ಸ್ಟೀಲ್ ಲೋಟದ ಮೇಲೆ ಬೆರಳಿಂದ ತಾಳ ಹಾಕುತ್ತಾ, ಅವರು ಊರಿನ ಭಜನೆಯಲ್ಲಿ ಹೇಳುತ್ತಿದ್ದ ಪದ ಶುರು ಮಾಡಿದಳು. ಎರಡನೇ ಸಾಲಿನ ಕೊನೆಯ ಮಾತು ಮುತ್ಯಾನ ಬಾಯಿಂದ ಬಂತು. ಸೊಟ್ಟ, ಅರ್ಧ, ಆದರೂ ಮಾತೇ. ಮಗಳು ತಾಳ ನಿಲ್ಲಿಸಲಿಲ್ಲ. ನಿಲ್ಲಿಸದೇ ಇದ್ದದ್ದು ಅವಳ ಜಾಣತನ. ಇದು ಎಲ್ಲರಿಗೂ ಆಗುವುದಿಲ್ಲ, ಸ್ಪೀಚ್ ಥೆರಪಿಗೆ ಬದಲಿಯೂ ಆಗುವುದಿಲ್ಲ. ಥೆರಪಿ ಮಾಡಿಸುವವರಿಗೆ ತಿಳಿಸಿ, ಅವರ ಜೊತೆಗೇ ಮಾಡಿ.

ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಿಗೂ ಹಾಡು ನಾಟುತ್ತದೆ. 2013ರಲ್ಲಿ ಅಮೆರಿಕದ 11 ಆಸ್ಪತ್ರೆಗಳಲ್ಲಿ 272 ಕೂಸುಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಎದುರಿಗೆ ಕೂತು ಮೆಲ್ಲಗೆ ಹಾಡಿದ ಜೋಗುಳ, ಉಸಿರಾಟ ಮತ್ತು ಎದೆಬಡಿತದ ಲಯಕ್ಕೆ ಹೊಂದಿಸಿದ ಸಪ್ಪಳ, ಇವು ಎದೆಬಡಿತವನ್ನು ಹದಕ್ಕೆ ತಂದವು. ನಿದ್ದೆ, ಹಾಲು ಕುಡಿಯುವುದೂ ಸುಧಾರಿಸಿತು. ಅಲ್ಲಿ ಮೊಬೈಲ್ ಬೇಡವೇ ಬೇಡ. ಕೂಸಿನ ಐಸಿಯುನಲ್ಲಿ ಸದ್ದು 45 ಡೆಸಿಬೆಲ್ ದಾಟಬಾರದು ಅಂತ ಮಕ್ಕಳ ತಜ್ಞರು ಹೇಳುತ್ತಾರೆ. ಮೆಲುದನಿಯ ಮಾತಿಗಿಂತ ಜಾಸ್ತಿ ಅಲ್ಲ ಅದು. ಕೂಸನ್ನು ಎದೆಗೆ ಕಟ್ಟಿಕೊಂಡ ಅವ್ವನ ಗುನುಗು ಸಾಕು.

ಹಾಡು ಯಾವಾಗ ಬೇಡ? ಟಿಬಿ ವಾರ್ಡಿನಲ್ಲಿ, ಕೆಮ್ಮು ಕಫ ಇರುವಲ್ಲಿ, ಗುಂಪಾಗಿ ಹಾಡಿಸಬೇಡಿ. ಮಾತಾಡುವುದಕ್ಕಿಂತ ದನಿ ಎತ್ತಿ ಹಾಡುವಾಗ ಬಾಯಿಂದ ಹನಿ ಜಾಸ್ತಿ ಹಾರುತ್ತವೆ. ಹೊಟ್ಟೆ ಆಪರೇಶನ್ ಆದ ಹೊಸದರಲ್ಲೂ ದನಿ ಎತ್ತಿಸಬಾರದು, ಹೊಲಿಗೆ ಎಳೆಯುತ್ತದೆ. ಭಜನಾ ಮಂಡಳಿಯವರು ಹಾರ್ಮೋನಿಯಂ, ತಬಲಾ, ಮೈಕ್ ಸಮೇತ ವಾರ್ಡಿನೊಳಗೆ ಬರುವುದು ನನಗೆ ಒಪ್ಪಿಗೆ ಇಲ್ಲ. ಅವರ ಪ್ರೀತಿ ದೊಡ್ಡದು, ಗೊತ್ತು. ಆದರೆ ಮೂವತ್ತು ಮಂಚದ ವಾರ್ಡಿನಲ್ಲಿ ಒಬ್ಬರಿಗೆ ಜ್ವರ ಏರಿರುತ್ತದೆ. ಇನ್ನೊಬ್ಬರು ರಾತ್ರಿ ಪೂರಾ ಎದ್ದು ಈಗ ಕಣ್ಣು ಮುಚ್ಚಿರುತ್ತಾರೆ. ಅವರು ಎದ್ದು ಹೊರಗೆ ಹೋಗುವ ಹಾಗಿಲ್ಲ. ಹೊರಗೆ ಬೇವಿನ ಮರದ ಕೆಳಗೆ ರೋಗಿಗಳ ಮನೆಯವರು ಕೂತಿರುತ್ತಾರಲ್ಲ, ಮಂಡಳಿಯವರು ಅಲ್ಲಿ ಹಾಡಲಿ. ಒಳಗೆ ಒಂದು ಏಕತಾರಿ, ಒಂದು ದನಿ, ಒಂದು ಮಂಚ. ಇಯರ್‌ಫೋನ್ ಕೊಟ್ಟರೆ ಅದು ರೋಗಿಯದ್ದೇ ಇರಲಿ, ಒಬ್ಬರ ಕಿವಿಯದ್ದು ಇನ್ನೊಬ್ಬರಿಗೆ ಹಾಕಬೇಡಿ.

ಬಣ್ಣ ಮತ್ತು ಗೆರೆ

ಹಾಡಿಗೂ ಬಣ್ಣಕ್ಕೂ ಇರುವ ದೊಡ್ಡ ಫರಕು ಇದು. ಹಾಡು ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಚಿತ್ರ ಉಳಿಯುತ್ತದೆ. "ಇದು ನಾ ಮಾಡಿದ್ದು" ಅಂತ ತೋರಿಸಬಹುದು. ದಿನವಿಡೀ ಬೇರೆಯವರ ಕೈಯಿಂದ ತಿಂದು, ಬೇರೆಯವರು ಹೇಳಿದಾಗ ಮಗ್ಗುಲು ಬದಲಿಸುವ ಮನುಷ್ಯನಿಗೆ ತಾನು ಏನನ್ನೋ ಮಾಡಿದೆ ಅನ್ನುವುದು ಸಣ್ಣ ವಿಷಯ ಅಲ್ಲ.

"ನನಗ ಚಿತ್ರ ಬರಂಗಿಲ್ಲ ಅಕ್ಕೋರೆ" ಅನ್ನುವುದು ಎಲ್ಲರ ಮೊದಲ ಮಾತು. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನರಿಗೆ 45 ನಿಮಿಷ ಬಣ್ಣ, ಮಣ್ಣು, ಕಾಗದ ಕೊಟ್ಟು ಕೂರಿಸಿದರು. ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಇಳಿದಿತ್ತು. ಚಿತ್ರ ಬರುವವರು, ಬಾರದವರು ಅನ್ನುವ ಭೇದ ಅದರಲ್ಲಿ ಕಾಣಲಿಲ್ಲ. ಅವರೆಲ್ಲ ಆರೋಗ್ಯವಂತರು ಅನ್ನುವುದು ನೆನಪಿರಲಿ. ಆದರೂ "ಬರಂಗಿಲ್ಲ" ಅನ್ನುವವರಿಗೆ ಧೈರ್ಯ ಹೇಳಲು ಇಷ್ಟು ಸಾಕು.

ಖಾಲಿ ಹಾಳೆ ಮಾತ್ರ ಕೊಡಬೇಡಿ. ಖಾಲಿ ಹಾಳೆ ಹೆದರಿಸುತ್ತದೆ. 2005ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಖಾಲಿ ಹಾಳೆ ಸಿಕ್ಕವರಿಗಿಂತ ಮಂಡಲದ, ಅಂದರೆ ದುಂಡಗಿನ ವಿನ್ಯಾಸದ, ಆಕಾರಕ್ಕೆ ಬಣ್ಣ ತುಂಬಿದವರ ಆತಂಕ ಜಾಸ್ತಿ ಇಳಿದಿತ್ತು. ನಮ್ಮಲ್ಲಿ ಮಂಡಲ ಹುಡುಕಿಕೊಂಡು ಹೋಗಬೇಕಾಗಿಲ್ಲ. ಚುಕ್ಕಿ ಇಟ್ಟುಕೊಡಿ, ರಂಗೋಲಿ ಹಾಕಿದ ಕೈ ತಾನೇ ಎಳೆಯುತ್ತದೆ. ಮೆಹಂದಿ ಹಾಕುವ ಹುಡುಗಿಯರಿಗೆ ಕಾಗದದ ಮೇಲೆ ಒಂದು ಹಸ್ತದ ಆಕಾರ ಬರೆದುಕೊಡಿ. ಬೀದರ್ ಕಡೆಯವರಿಗೆ ನಾನು ಕೊಡುವುದು ಕರಿ ಹಾಳೆ ಮತ್ತು ಬಿಳಿ ಪೆನ್ಸಿಲ್. ಬಿದರಿ ಪಾತ್ರೆಯ ಬಳ್ಳಿ, ಹೂವು ಅವರು ಚಿಕ್ಕಂದಿನಿಂದ ನೋಡಿರುತ್ತಾರೆ. ಸತು-ತಾಮ್ರದ ಪಾತ್ರೆಗೆ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ತರುತ್ತಾರೆ, ಅದರ ಮೇಲೆ ಬೆಳ್ಳಿ ಹೊಳೆಯುತ್ತದೆ. ಕರಿ ಹಾಳೆಯ ಮೇಲೆ ಬಿಳಿ ಗೆರೆ ಬಿದ್ದ ಕೂಡಲೇ ಅವರಿಗೆ ಅದು ತಮ್ಮೂರು ಅನ್ನಿಸುತ್ತದೆ. ಗೆರೆ ಸೊಟ್ಟ ಆದರೂ ಚೆಂದ ಕಾಣುತ್ತದೆ.

ಸಾಮಾನಿನಲ್ಲಿ ಕಲರ್ ಪೆನ್ಸಿಲ್ಲೇ ಮೇಲು. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಮೇಣದ ಕ್ರೇಯಾನ್ ಮೆತ್ತಗಾಗಿ ಕೈಗೆ ಅಂಟುತ್ತದೆ. ಆಯಿಲ್ ಪೇಸ್ಟಲ್ ಬೆಡ್‌ಶೀಟಿಗೆ ಬಳಿದು ಸಿಸ್ಟರ್ ಹತ್ತಿರ ಬೈಸುತ್ತದೆ. ಸ್ಕೆಚ್ ಪೆನ್ನಿನ ಮುಚ್ಚಳ ಮಂಚದ ಕೆಳಗೆ ಉರುಳಿ ಪೆನ್ ಒಣಗುತ್ತದೆ. ನೀರಿನ ಬಣ್ಣ ಮಲಗಿದವರಿಗೆ ಆಗುವುದೇ ಇಲ್ಲ. ಪೆನ್ಸಿಲ್ ಚೂಪು ಮಾಡಲು ಬ್ಲೇಡ್ ಬೇಡ, ಡಬ್ಬಿ ಇರುವ ಶಾರ್ಪ್‌ನರ್ ತನ್ನಿ. ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳು ಪರೀಕ್ಷೆಗೆ ಒಯ್ಯುವ ಕ್ಲಿಪ್ ಇರುವ ಪ್ಯಾಡ್. ಒಂದೇ ಕೈಯಲ್ಲಿ ಬರೆಯುವವರಿಗೆ ಹಾಳೆ ಹಿಡಿಯಲು ಇನ್ನೊಂದು ಕೈ ಇರುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಸ್ಟೇಷನರಿ ಅಂಗಡಿಯಲ್ಲಿ ಇಷ್ಟೂ ಸಿಗುತ್ತದೆ. ಕೊಟ್ಟಿದ್ದನ್ನು ವಾಪಸ್ ತೆಗೆದುಕೊಂಡು ಮುಂದಿನ ಮಂಚಕ್ಕೆ ಕೊಡಬೇಡಿ, ಸೋಂಕು ದಾಟುತ್ತದೆ. ಅದು ಅವರಿಗೇ ಇರಲಿ. ಪ್ಯಾಡ್ ಮಾತ್ರ ಸ್ಪಿರಿಟ್‌ನಿಂದ ಒರೆಸಿ ಮತ್ತೆ ಬಳಸಬಹುದು.

ಟಿಬಿ ವಾರ್ಡಿನಲ್ಲಿ ಗುಂಪಾಗಿ ಹಾಡಿಸುವುದು ಬೇಡ ಅಂದೆನಲ್ಲ, ಅಲ್ಲಿ ಚಿತ್ರವೇ ಸರಿ. 'ಆರ್ಟ್ ಥೆರಪಿ' ಅನ್ನುವ ಹೆಸರನ್ನು 1942ರಲ್ಲಿ ಬಳಕೆಗೆ ತಂದ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ ಸ್ವತಃ ಟಿಬಿ ರೋಗಿ. ಸ್ಯಾನಟೋರಿಯಂನಲ್ಲಿ ಮಲಗಿ ಕೈಗೆ ಸಿಕ್ಕಿದ್ದನ್ನು ಬರೆಯುತ್ತಾ ಹೊತ್ತು ಕಳೆದವರು. ಆಮೇಲೆ ಅಲ್ಲಿನ ಬೇರೆ ರೋಗಿಗಳಿಗೂ ಕಲಿಸಿದರು.

ಸೂಜಿ, ಬಟ್ಟೆ, ಹಿಟ್ಟು

ಕೌದಿ ಹೊಲಿಯಲು ಬಾರದ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಕಡಿಮೆ. ಹಳೆ ಸೀರೆ, ಧೋತರದ ತುಂಡು, ಸಾಲುಹೊಲಿಗೆ. ಕೈ ಒಂದೇ ಲಯದಲ್ಲಿ ಹೋಗುತ್ತಿದ್ದರೆ ಮನಸ್ಸು ಅಲ್ಲಿಗೇ ಬಂದು ಕೂರುತ್ತದೆ. ತಾಂಡಾದ ಹೆಂಗಸರಿಗೆ ಕನ್ನಡಿ, ಕವಡೆ ಹೊಲಿಯುವುದು ಹಾಗೇ. ಹಾಗಾದರೆ ಎಲ್ಲರಿಗೂ ಕೌದಿ ಕೊಡಬಹುದಾ? ಇಲ್ಲ. ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವವರಿಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರಬಹುದು, ಸೂಜಿ ಚುಚ್ಚಿದರೆ ರಕ್ತ ನಿಲ್ಲುವುದು ತಡ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಬೆರಳಿಗೆ ಚುಚ್ಚಿದ್ದೇ ಗೊತ್ತಾಗದೇ ಇರಬಹುದು, ಗಾಯ ಬೇಗ ಮಾಯುವುದಿಲ್ಲ. ಮಾನಸಿಕ ಚಿಕಿತ್ಸೆಯ ವಾರ್ಡಿಗೆ ಸೂಜಿ, ಕತ್ತರಿ, ಉದ್ದ ದಾರ ಒಯ್ಯಲೇಬಾರದು.

ಕೌದಿ ನಿಜವಾಗಿ ಆಗಿಬರುವುದು ರೋಗಿಯ ಜೊತೆಗಿರುವವರಿಗೆ. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಂಚೋಳಿಯಿಂದ, ಶಹಾಪುರದಿಂದ ಬಂದ ಅವ್ವ ವಾರಗಟ್ಟಲೆ ಕಾರಿಡಾರಿನಲ್ಲಿ ಚಾಪೆ ಹಾಸಿ, ಕಟ್ಟಿಕೊಂಡು ಬಂದ ಕಟಿರೊಟ್ಟಿ ತಿಂದು, ಗೋಡೆಗೆ ಒರಗಿ ಕೂತಿರುತ್ತಾಳೆ. ಅವಳ ಎದೆ ಗಟ್ಟಿ ಇದ್ದರೆ ಒಳಗಿನವರೂ ಗಟ್ಟಿ ಇರುತ್ತಾರೆ. ಒಂದು ಗೇಣು ಚೌಕದ ತುಂಡು, ಸೂಜಿ, ದಾರ ಕೊಟ್ಟು ನೋಡಿ. ನಾಲ್ಕು ಜನ ಕೂಡುತ್ತಾರೆ, ಮಾತು ಶುರುವಾಗುತ್ತದೆ. ಯಾವ ಊರು, ಯಾರಿಗೆ ಏನಾಗಿದೆ, ಔಷಧಿ ಚೀಟಿ ಯಾವ ಕೌಂಟರಿನಲ್ಲಿ ಕೊಡಬೇಕು ಅನ್ನುವುದೆಲ್ಲ ಅಲ್ಲೇ ಗೊತ್ತಾಗುತ್ತದೆ. ರೋಗಿಗೆ ಹಾಡು, ಜೊತೆಗಿರುವವರಿಗೆ ಕೌದಿ. ಈ ಜೋಡಿ ನನಗೆ ಬಹಳ ಇಷ್ಟ.

ಗಂಡಸರಿಗೆ ಏನು ಕೊಡಬೇಕು ಅನ್ನುವುದು ಸ್ವಲ್ಪ ಕಷ್ಟದ ಪ್ರಶ್ನೆ. ಚಿತ್ರ ಅಂದರೆ "ಅದು ಹುಡುಗರ ಆಟ" ಅಂತಾರೆ. ಅವರ ಕೈಗೆ ಗೊತ್ತಿರುವುದು ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು. ಆದರೆ ಹಸಿ ಮಣ್ಣನ್ನು ವಾರ್ಡಿಗೆ ತರುವ ಹಾಗಿಲ್ಲ, ಗಾಯ ಇರುವಲ್ಲಿ, ರೋಗ ತಡೆಯುವ ಶಕ್ತಿ ಕುಂದಿದವರ ಹತ್ತಿರ ಅದು ಅಪಾಯ. ಅದಕ್ಕೆ ಗೋಧಿ ಕಣಕ. ಗಟ್ಟಿಯಾಗಿ ನಾದಿ, ಸ್ವಲ್ಪ ಉಪ್ಪು ಹಾಕಿ ತಂದರೆ ಮಣ್ಣಿನಷ್ಟೇ ಚೆನ್ನಾಗಿ ನಿಲ್ಲುತ್ತದೆ. ಎಲುಬಿನ ವಾರ್ಡಿನಲ್ಲಿ ಒಬ್ಬರು ಕಾಕಾ, ಸುರಪುರ ಕಡೆಯವರು, ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದವರು, ಎದೆಯ ಮೇಲೆ ಸ್ಟೀಲ್ ತಾಟು ಇಟ್ಟುಕೊಂಡು ಎತ್ತು ಮಾಡಿದರು. ಕೊಂಬು ಉದ್ದಕ್ಕೆ ಹಿಂದೆ ಬಾಗಿಸಿದ್ದರು. ಎದುರು ಮಂಚದ ಬೀದರ್ ಕಡೆಯವರು ನೋಡಿ, "ಎತ್ತಿನ ಕೊಂಬು ಹಿಂಗ ಇರ್ತದೇನ್ರಿ? ಕಿವಿ ಜೋಲಬೇಕು" ಅಂದರು. "ಇದು ಖಿಲಾರಿ ಅದರೀ, ನಿಮ್ದು ದೇವಣಿ" ಅಂದರು ಕಾಕಾ. ಅಲ್ಲಿಂದ ಖಿಲಾರಿ ತಳಿ ಮೇಲೋ ದೇವಣಿ ತಳಿ ಮೇಲೋ ಅಂತ ಇಡೀ ಸಾಲು ಮಾತಿಗೆ ಬಿತ್ತು. ಸಂಜೆ ಇಂಜೆಕ್ಷನ್ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಒಂದೇ ಎಚ್ಚರ, ಕಣಕವನ್ನು ರಾತ್ರಿ ಇಡಬಾರದು. ಇರುವೆ ಬರುತ್ತವೆ.

ಕಥೆ ಮತ್ತು ಬರವಣಿಗೆ

ಮನಸ್ಸಿನ ಭಾರವನ್ನು ಬರೆದು ಇಳಿಸುವ ಪದ್ಧತಿಗೆ ಹೆಸರಾದವರು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಬೇಕರ್. 1986ರ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋಗುವುದು ಕಡಿಮೆ ಆಯಿತು. ಆದರೆ ಬರೆದ ಕೂಡಲೇ ಅವರಿಗೆ ಇನ್ನೂ ಬೇಜಾರಾಗಿತ್ತು. ಹಾಗಾಗಿ ನಾಳೆ ಆಪರೇಶನ್ ಇರುವವರಿಗೆ ಇದು ಬೇಡ. ಓದು ಬರಹ ಬರುವ, ದಿನಗಟ್ಟಲೆ ಇರುವ, ಒಂಟಿಯಾಗಿ ಕೂರಲು ಇಷ್ಟಪಡುವ ರೋಗಿಗೆ ಮಾತ್ರ ಕೊಡಿ.

ಅಕ್ಷರ ಬಾರದವರಿಗೆ ಇನ್ನೊಂದು ದಾರಿ ಇದೆ. ಅವರು ಹೇಳಲಿ, ನೀವು ಬರೆದುಕೊಳ್ಳಿ, ಅವರ ಮಾತಿನಲ್ಲೇ, ತಿದ್ದದೆ. ಬರೆದಿದ್ದನ್ನು ಓದಿ ಹೇಳಿ. ಆ ಹಾಳೆ ಅವರಿಗೇ ಕೊಡಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಹೊಳೆಯುವುದಿಲ್ಲ.

ಮಕ್ಕಳ ವಾರ್ಡು: ವೇಷವೋ, ಗೊಂಬೆಯೋ?

ಗೊಂಬೆ. ವೇಷ ಹಾಕಿದವರನ್ನು ನೋಡಿ ನಗುವ ಮಕ್ಕಳಿದ್ದಾರೆ, ಕಿರುಚಿ ಅವ್ವನ ಸೆರಗಿಗೆ ಬೀಳುವವರೂ ಇದ್ದಾರೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಶನ್‌ಗೆ ಹೋಗುವ ಮಕ್ಕಳ ಜೊತೆ ವಿದೂಷಕರನ್ನು ಕಳಿಸಿದಾಗ ಮಕ್ಕಳ ಹೆದರಿಕೆ ಇಳಿದಿತ್ತು. ಆದರೆ ಸಿಬ್ಬಂದಿಯಲ್ಲಿ ಹೆಚ್ಚಿನವರು ತಮ್ಮ ಕೆಲಸಕ್ಕೆ ಅಡ್ಡಿ ಆಗುತ್ತದೆ ಅಂತ ಮುಂದುವರಿಸಲು ಒಪ್ಪಲಿಲ್ಲ. ಅವರು ತರಬೇತಿ ಪಡೆದ ವಿದೂಷಕರು. ನಮ್ಮ ಹಗಲುವೇಷದವರ ಕಲೆ ಅಪರೂಪದ್ದು, ಆದರೆ ಅದು ಬಯಲಿಗೆ, ಬೀದಿಗೆ ಹೊಂದುವಂಥದ್ದು. ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದ ಕೈಗೊಂಬೆ ಮಾಡಿ. ಮಗುವಿನ ಕೈಗೇ ಹಾಕಿ. ಡಾಕ್ಟರಿಗೆ ಹೇಳದ್ದನ್ನು ಮಗು ಗೊಂಬೆಯ ಬಾಯಿಂದ ಹೇಳುತ್ತದೆ. ಮನೆಗೆ ಹೋಗುವಾಗ ಗೊಂಬೆ ಮಗುವಿನ ಜೊತೆಗೇ ಹೋಗಲಿ.

ಗೋಡೆ ಚಿತ್ರವೋ, ಕಿಟಕಿಯೋ?

ಗೋಡೆಗೆ ಚಿತ್ರ ಬರೆಸುವುದಕ್ಕೆ ದಾನಿಗಳು ಬೇಗ ಸಿಗುತ್ತಾರೆ. ನಾನು ಮೊದಲು ಕಿಟಕಿ ನೋಡಿ ಅನ್ನುತ್ತೇನೆ. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಅಲ್ರಿಚ್ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಅಧ್ಯಯನ ಇಂದಿಗೂ ಮಾತಿನಲ್ಲಿದೆ. ಪಿತ್ತಕೋಶದ ಆಪರೇಶನ್ ಆದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಗೆ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು, ಜೋರು ನೋವಿನ ಔಷಧವೂ ಅವರಿಗೆ ಕಡಿಮೆ ಬೇಕಾಯಿತು. ಚಿಕ್ಕ ಅಧ್ಯಯನ, ಆದರೆ ಮಂಚವನ್ನು ಕಿಟಕಿ ಕಡೆ ತಿರುಗಿಸಲು ಏನೂ ಖರ್ಚಿಲ್ಲ.

ಕಿಟಕಿ ಇಲ್ಲದಲ್ಲಿ ಚಿತ್ರ ಹಾಕಿ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ದೇವರ ಚಿತ್ರಗಳು ಕ್ಯಾಲೆಂಡರ್ ಆಗಿ ದೇಶದ ಮನೆಮನೆಗೆ ಹೋದವು. ನಮ್ಮವರಿಗೆ ಚಿತ್ರ ಅಂದರೆ ಮೊದಲು ನೆನಪಾಗುವುದು ಅವೇ. ಮನೆಗೆ ಅವು ಸರಿ. ಎಲ್ಲ ಧರ್ಮದವರು ಮಲಗುವ ವಾರ್ಡಿಗೆ ಹೊಲ, ಭೀಮಾ ನದಿ, ಮರ ಸರಿ. ಏನು ಅಂತ ಗುರುತು ಸಿಗದ ಆಧುನಿಕ ಚಿತ್ರ ಬೇಡ. ಜ್ವರದಲ್ಲಿ ಇರುವವರಿಗೆ ಅದು ಏನೇನೋ ಕಾಣುತ್ತದೆ. ಮಲಗಿದವರ ಕಣ್ಣು ಹೋಗುವ ಎತ್ತರ ನೋಡಿ ಹಾಕಿ, ನಿಂತವರದ್ದಲ್ಲ.

ಡಯಾಲಿಸಿಸ್‌ನವರ ಲೆಕ್ಕ ಬೇರೆ

ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿದ ಜಾಗ, ಇರುವ ಕೈ ಅಲ್ಲಾಡಿಸುವ ಹಾಗಿಲ್ಲ. ವರ್ಷಗಟ್ಟಲೆ ಅದೇ ಕುರ್ಚಿ, ಅದೇ ಅಕ್ಕಪಕ್ಕದವರು. ಇಷ್ಟು ಉದ್ದ ಹೊತ್ತಿಗೆ ಒಂದೇ ಕಲೆ ಸಾಲುವುದಿಲ್ಲ. ಮೊದಲ ಎರಡು ಗಂಟೆ ಕ್ಲಿಪ್ ಪ್ಯಾಡಿನ ಮೇಲೆ ಒಂದು ಕೈಯಿಂದ ಚಿತ್ರ ಮಾಡಿಸಿ. ಆಮೇಲೆ ಬಿಪಿ ಇಳಿದು ಸುಸ್ತು ಶುರುವಾಗುತ್ತದೆ, ಆಗ ಹಾಡು. ತಲೆ ತಿರುಗುತ್ತದೆ ಅಂದರೆ ಕೂಡಲೇ ಎಲ್ಲ ನಿಲ್ಲಿಸಿ ಟೆಕ್ನಿಷಿಯನ್‌ನ ಕರೆಯಿರಿ. ಎಡಗೈಗೆ ಫಿಸ್ಟುಲಾ ಇರುವವರೇ ಜಾಸ್ತಿ, ಆದ್ದರಿಂದ ಬರೆಯುವ ಕೈ ಬಿಡುವಾಗಿರುವ ಸಾಧ್ಯತೆ ಹೆಚ್ಚು. ಯಾವುದಾದರೂ ಒಂದು ಕಡೆ ಮಾತ್ರ ಶುರು ಮಾಡಲು ಆಗುತ್ತದೆ ಅನ್ನುವ ತಂಡಕ್ಕೆ ನಾನು ಹೇಳುವುದು ಡಯಾಲಿಸಿಸ್ ಘಟಕ. ಬಂದವರೇ ಮತ್ತೆ ಬರುತ್ತಾರೆ, ಕೆಲಸ ಮುಂದುವರಿಯುತ್ತದೆ.

ಐಸಿಯುನಲ್ಲಿ ಡಾಕ್ಟರು ಒಪ್ಪಿದರೆ ಮೆಲ್ಲನೆಯ ಹಾಡು ಮಾತ್ರ. ಬೇರೆ ಏನೂ ಬೇಡ.

ಯಾರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ಮೊದಲು ವೈದ್ಯಕೀಯ ಅಧೀಕ್ಷಕರ ಒಪ್ಪಿಗೆ ಲಿಖಿತದಲ್ಲಿ ಪಡೆಯಿರಿ. ಆಮೇಲೆ ಪ್ರತಿ ದಿನ ಆ ವಾರ್ಡಿನ ಸಿಸ್ಟರನ್ನು ಕೇಳಿ. ಯಾರಿಗೆ ಜ್ವರ, ಯಾರ ಹತ್ತಿರ ಹೋಗಬಾರದು ಅನ್ನುವುದು ಅವರಿಗೆ ಗೊತ್ತು. ಕೈ ತೊಳೆದುಕೊಂಡು ಹೋಗಿ. ನಿಮಗೆ ನೆಗಡಿ ಇದ್ದರೆ ಹೋಗಬೇಡಿ. ರೋಗಿಯ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ, ಅವರು ಬಿಡಿಸಿದ ಚಿತ್ರದ್ದೂ ಕೇಳದೆ ಹಾಕಬೇಡಿ. ಬೇಡ ಅಂದವರ ಹತ್ತಿರ ಎರಡನೇ ಸಲ ಒತ್ತಾಯ ಮಾಡಬೇಡಿ. ಬೇಡ ಅನ್ನುವುದಕ್ಕೆ ಅವರಿಗೆ ಅಲ್ಲಿ ಬೇರೆ ಯಾವ ವಿಷಯದಲ್ಲೂ ಅವಕಾಶ ಇರುವುದಿಲ್ಲ.

ನಮ್ಮಂಥವರು ಮಾಡುವುದು ಕಲೆಯ ಜೊತೆಗಾರಿಕೆ. ಚಿಕಿತ್ಸೆ ಅಂತ ಕರೆಯಲು ತರಬೇತಿ ಬೇಕು. ಹಾಡು ಕೇಳಿ ಅತ್ತರೆ ಹೆದರಬೇಡಿ, ಸುಮ್ನೆ ಪಕ್ಕದಲ್ಲಿ ಕೂತಿರಿ. ಎಷ್ಟೋ ಸಲ ಅದು ಹಗುರಾಗುವ ಅಳು. ಆದರೆ ದಿನಾ ಅಳುತ್ತಿದ್ದರೆ, ಊಟ ಬಿಟ್ಟರೆ, "ಇನ್ ಸಾಕಾಗ್ಯದ, ಬದುಕಿ ಏನ್ ಮಾಡ್ಲಿ" ಅನ್ನುವಂಥ ಮಾತು ಬಂದರೆ, ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಆವತ್ತೇ ಸಿಸ್ಟರಿಗೆ, ಡಾಕ್ಟರಿಗೆ ಹೇಳಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇರುತ್ತದೆ. ಮನೆಗೆ ಹೋದ ಮೇಲೂ ಬೇಕಾದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರನ್ನು ಜೊತೆಗಿರುವವರ ಮೊಬೈಲಿನಲ್ಲಿ ನೀವೇ ಸೇವ್ ಮಾಡಿಕೊಡಿ.